ಗೋಣಿತಟ್ಟಿನ ಗೋಡೆ

ಮಗ ಸತ್ತಾಗ ಬಸವರಾಜು ಅಳಲಿಲ್ಲ. ಊರವರು ‘ಗಟ್ಟಿ ಆಸಾಮಿ ಕಣ್ರಪ್ಪ’ ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಸಾಗರ್ ಹುಣಸೂರು ರಸ್ತೆಯಲ್ಲಿ ಬೈಕು ಜಾರಿ ಹೋದ. ಆಸ್ಪತ್ರೆಯಿಂದ ತಂದರು, ಮಣ್ಣು ಮಾಡಿದರು. ಹನ್ನೊಂದನೇ ದಿನ ಹಿರಿಯರು ಹೇಳಿದ ಹಾಗೆ ಮಗನ ಅಂಗಿ, ಪ್ಯಾಂಟು, ಲುಂಗಿ, ಹೊದಿಕೆ, ಟವೆಲ್ಲು ಎಲ್ಲವನ್ನೂ ಗಂಟು ಕಟ್ಟಿ ಲಕ್ಷ್ಮಣತೀರ್ಥ ಹೊಳೆಗೆ ಬಿಟ್ಟು ಬಂದವನೂ ಅವನೇ. ಗಂಟು ಒಂದು ಸುತ್ತು ತಿರುಗಿ ಮುಳುಗಿತು. ಮನೆಗೆ ಬಂದು ಕೈಕಾಲು ತೊಳೆದು ಉಣ್ಣಕ್ಕೆ ಕೂತ. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಹೆಂಡತಿ ರುಕ್ಮಿಣಮ್ಮನಿಗೆ ಹೇಳಿದ ಕೂಡ.

‘ಒಂದ್ಸಲ ಅತ್ತುಬುಡಿ, ಎದೆ ಹಗುರಾಯ್ತದೆ’ ಅಂತ ಅವಳು ಎಷ್ಟೋ ಸಲ ಗೋಗರೆದಳು. ಅಳು ಏನು ನಲ್ಲಿ ನೀರೇ, ತಿರುಗಿಸಿದ ಕೂಡಲೇ ಬರೋಕೆ? ಅವನೂ ಒಂದೆರಡು ಸಲ ಬ್ಯಾರನ್ನಿನ ಹಿಂದೆ ಹೋಗಿ ನಿಂತು ನೋಡಿದ. ಬರಲಿಲ್ಲ. ಎಮ್ಮೆಗೆ ಹುಲ್ಲು ಹಾಕಿ ವಾಪಸು ಬಂದ.

ಬ್ಯಾರನ್ ಅಂದರೆ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ ನೇತುಹಾಕಿ, ಕೆಳಗೆ ಸೌದೆ ಉರಿಸಿ ಹದ ಮಾಡುವ ಎತ್ತರದ ಮನೆ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಊರೂರಿಗೂ ಇವೆ. ಬಸವರಾಜು ಹುಟ್ಟಿದ್ದೇ ಬ್ಯಾರನ್ನಿನ ಮಗ್ಗುಲಲ್ಲಿ. ಸಾಗರ್ ಕೂಡ ಅಲ್ಲೇ ಬೆಳೆದ. ಹದ ಮಾಡುವ ದಿನಗಳಲ್ಲಿ ಒಲೆಯ ಮುಂದೆ, ಹದವಾದ ಸೊಪ್ಪಿನ ಬೇಲಿಗೆ, ಅಂದರೆ ಮೂಟೆಗೆ, ಸುತ್ತುವ ಗೋಣಿತಟ್ಟು ಹಾಸಿಕೊಂಡು, ಅದರ ಮೇಲೇ ವಾರಗಟ್ಟಲೆ ಮಲಗುತ್ತಿದ್ದ. ಅವನು ಹೋದ ಮೇಲೆ ಒಲೆ ಹಚ್ಚುವವರು ಇರಲಿಲ್ಲ, ಹಚ್ಚಬೇಕು ಅಂತಲೂ ಯಾರಿಗೂ ಅನ್ನಿಸಲಿಲ್ಲ. ಆ ವರ್ಷ ಹೊಗೆಸೊಪ್ಪು ಹಾಕಲಿಲ್ಲ.

ಹೊಗೆಸೊಪ್ಪಿನ ಜಾಗಕ್ಕೆ ಹಿಪ್ಪುನೇರಳೆ ಹಾಕಿದವಳು ಸೊಸೆ ರಮ್ಯಶ್ರೀ. ಸಾಲಿಗ್ರಾಮದ ಹುಡುಗಿ, ಕಾವೇರಿ ದಂಡೆಯ ಗದ್ದೆಯವರ ಮಗಳು. ಗಂಡ ಹೋದ ಮೂರನೇ ತಿಂಗಳಿಗೆ ರೇಷ್ಮೆ ತರಬೇತಿಗೆ ಸೇರಿಕೊಂಡಳು. ಚಾಕಿ ಮಾಡ್ತೀನಿ ಮಾವ, ಅಂದಳು. ಮೊಟ್ಟೆ ಒಡೆದ ಮರಿ ಹುಳವನ್ನು ಎರಡನೇ ಜ್ವರದವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಜೋಪಾನವಾಗಿ ಸಾಕಿ ರೈತರಿಗೆ ಕೊಡುವುದು. ಎಂಟು ದಿನದ ಬಾಣಂತನ ಅನ್ನಿ. ಬಸವರಾಜು ಹೂಂ ಅಂದ. ಆಗ ಅವನು ಯಾರು ಏನು ಕೇಳಿದರೂ ಹೂಂ ಅನ್ನುತ್ತಿದ್ದ.

ವರ್ಷದ ಎಡೆ ಹಾಕಿದ ದಿನ ರಮ್ಯಳ ಅಣ್ಣ ರಘು ಬಂದ. ಊಟ ಆದ ಮೇಲೆ ಜಗಲಿಯಲ್ಲಿ ಕೂತು ಮಾತು ತೆಗೆದ. ‘ಮಾವ, ತಪ್ಪು ತಿಳ್ಕಬೇಡಿ. ಅವಳಿಗಿನ್ನೂ ಇಪ್ಪತ್ತೊಂಬತ್ತು. ಮಗೀನೂ ಕರ್ಕಂಡು ನಮ್ಮನೆಗೆ ಬಂದ್ಬುಡ್ಲಿ. ಇಲ್ಲಿ ಏನು ನೋಡ್ಕಂಡು ಕೂತ್ಕಬೇಕು ಅವಳು?’

ಬಾಗಿಲ ಹಿಂದಿದ್ದ ರಮ್ಯ ಹೊರಗೆ ಬಂದಳು. ‘ಒಂದು ಬ್ಯಾಚು ನೋಡ್ತೀನಣ್ಣ. ಹುಳ ಎರಡನೇ ಜ್ವರ ದಾಟಿ ರೈತರ ಮನೆ ಸೇರಿದ್ರೆ ನಾನು ಇಲ್ಲೇ ಇರ್ತೀನಿ. ಸತ್ತೋದ್ರೆ ನೀನು ಕರೆದಂಗೆ ಬತ್ತೀನಿ.’

ರಘು ಒಪ್ಪಿದ. ಬಸವರಾಜುವಿನ ತೊಡೆಯ ಮೇಲೆ ಮೊಮ್ಮಗಳು ಸೌಂದರ್ಯ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಆರು ವರ್ಷದ ಕೂಸು. ದಿನಾ ಅವನ ಪಕ್ಕದಲ್ಲೇ ಮಲಗಿ ಹೊಟ್ಟೆಯ ಮೇಲೆ ಕಾಲು ಹಾಕುವವಳು. ಈ ಕಾಲೂ ಇಲ್ಲದೆ ಹೋದರೆ? ಒಂದು ವರ್ಷದಲ್ಲಿ ಮೊದಲ ಸಲ ಬಸವರಾಜುವಿಗೆ ಏನೋ ಅನ್ನಿಸಿತು. ಅದು ದುಃಖವಲ್ಲ, ಭಯ. ಸೊಸೆ, ಮೊಮ್ಮಗಳು ಹೋಗಬಾರದು. ಅಷ್ಟು ಮಾತ್ರ ಅವನಿಗೆ ಬೇಕಾಗಿತ್ತು.

ಹುಳಕ್ಕೆ ಅಂತ ಗೊತ್ತು ಮಾಡಿದ್ದು ಮನೆಯ ಕೆಳಗಿನ ರೂಮು. ದಿಬ್ಬದ ಇಳಿಜಾರಿಗೆ ಕಟ್ಟಿದ ಮನೆ ಅದು. ಆ ರೂಮು ಅರ್ಧ ನೆಲದೊಳಗೆ, ಅರ್ಧ ಮೇಲೆ. ಸೈಜುಗಲ್ಲಿನ ಗೋಡೆ. ರಾಗಿ ಚೀಲ, ಹಳೆ ನೇಗಿಲು ಬಿಟ್ಟರೆ ಬೇರೇನೂ ಅಲ್ಲಿ ಇಟ್ಟವರಲ್ಲ; ಹೊಗೆಸೊಪ್ಪಂತೂ ಅದರ ಹೊಸಿಲು ದಾಟಿರಲಿಲ್ಲ. ಅದಕ್ಕೇ ರಮ್ಯ ಅದನ್ನು ಆರಿಸಿದ್ದು. ಹೊಗೆಸೊಪ್ಪಿಗೂ ರೇಷ್ಮೆ ಹುಳಕ್ಕೂ ಹಾವು ಮುಂಗುಸಿ. ಹೊಗೆಸೊಪ್ಪಿನ ಹೊಲದ ಗಾಳಿ ಬಿದ್ದ ಎಲೆ ತಿಂದರೂ ಹುಳ ಸಾಯುತ್ತೆ. ಬಾಗಿಲಲ್ಲಿ ಬಕೆಟ್ಟು, ಸೋಪು ಇಟ್ಟಳು. ಎಲೆ ಅಡಿಕೆ ಜೊತೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುವ ಅತ್ತೆಗೆ, ‘ಅತ್ತೆ, ಬೇಜಾರ್ ಮಾಡ್ಕಬೇಡಿ, ನೀವು ಮಾತ್ರ ಈ ಬಾಗ್ಲು ದಾಟ್ಬೇಡಿ’ ಅಂದಳು. ರುಕ್ಮಿಣಮ್ಮ ಮೂತಿ ತಿರುವಿದರೂ ಹೇಳಿದ ಹಾಗೇ ಕೇಳಿದಳು.

ತೊಂದರೆ ಇದ್ದದ್ದು ಗೋಡೆಯದು. ರಮ್ಯ ಥರ್ಮಾಮೀಟರು ತಂದು ನೇತುಹಾಕಿದಳು. ಮಾರ್ಚಿನ ಬಿಸಿಲಿಗೆ ಮಧ್ಯಾಹ್ನ ಮೂವತ್ಮೂರು, ಬೆಳಗಾಗುವಾಗ ಇಪ್ಪತ್ತೊಂದು.

‘ಕಲ್ಲಲ್ವ ಮಾವ. ಹಗಲೆಲ್ಲ ಕಾಯ್ತದೆ, ಬೆಳಗಿನ ಹೊತ್ಗೆ ಹೆಣ ಆದಂಗಾಯ್ತದೆ. ಮರಿ ಹುಳಕ್ಕೆ ಯಾವಾಗ್ಲೂ ಇಪ್ಪತ್ತೇಳು ಇಪ್ಪತ್ತೆಂಟು ಇರ್ಬೇಕು. ಒಳಗಡೆ ಗೋಡೆಗೆ ಥರ್ಮಾಕೋಲ್ ಅಂಟಿಸಿ ಅಂತಾರೆ ತರಬೇತಿಯೋರು.’

‘ಅದ್ನ ನಮ್ಮ ಇಲಿಗಳು ಒಂದು ವಾರಕ್ಕೆ ಖಾಲಿ ಮಾಡ್ತವೆ ಕಣವ್ವ’ ಅಂದ ಬಸವರಾಜು. ‘ನಲವತ್ತು ವರ್ಷ ಬಿಸಿ ಆಚೆಗೆ ಹೋಗದಂಗೆ ಕಾದೋನು ನಾನು. ಬಿಸಿ ಒಳಕ್ಕೆ ಬರದಂಗೆ ಕಾಯೋದು ಏನು ಮಹಾ? ಬುಡು, ನಾನು ಮಾಡ್ತೀನಿ.’

ಇಷ್ಟು ಉದ್ದದ ಮಾತು ಅವನ ಬಾಯಿಂದ ಬಂದು ವರ್ಷವೇ ಆಗಿತ್ತು. ಒಲೆ ಮುಂದೆ ಕೂತಿದ್ದ ರುಕ್ಮಿಣಮ್ಮ ತಿರುಗಿ ನೋಡಿದಳು.

ಹನ್ನೊಂದು ದಿನ ಮಾಡಿದ. ಮೊದಲು ತಂತಿ ಬ್ರಷ್ಷಿನಲ್ಲಿ ಗೋಡೆ ಉಜ್ಜಿ, ಕಲ್ಲಿನ ಸಂದುಗಳಿಗೆ ಗಾರೆ ತುಂಬಿದ. ನೆಲದೊಳಗಿನ ಅರ್ಧ ಗೋಡೆ ಬೆವರುತ್ತಿತ್ತು. ಅದಕ್ಕೆ ಟಾರ್ಪಾಲು ಹೊಡೆದ. ಅದರ ಮುಂದೆ ಒಂದು ಗೇಣು ಬಿಟ್ಟು ಬಿದಿರಿನ ದಬ್ಬೆ ನಿಲ್ಲಿಸಿ, ಅಡ್ಡಕ್ಕೆ ಕಟ್ಟಿ ತಡಿಕೆ ಮಾಡಿದ. ಗೋಡೆಗೂ ತಡಿಕೆಗೂ ನಡುವೆ ಭತ್ತದ ಹೊಟ್ಟು ತುಂಬಬೇಕು. ಹೊಟ್ಟನ್ನು ರಘುವೇ ಸಾಲಿಗ್ರಾಮದ ಮಿಲ್ಲಿಂದ ಗಾಡಿಯಲ್ಲಿ ಕಳಿಸಿಕೊಟ್ಟ. ತಂಗಿಯ ಮೇಲಿನ ಪ್ರೀತಿ ಬೇರೆ, ಹಟ ಬೇರೆ. ಹೊಟ್ಟು ಈಚೆಗೆ ಸುರಿಯದ ಹಾಗೆ ತಡಿಕೆಗೆ ಬಟ್ಟೆ ಹೊಡೆಯಬೇಕಲ್ಲ? ಬಸವರಾಜು ಬ್ಯಾರನ್ನಿನ ಅಟ್ಟ ಹತ್ತಿದ. ಅಲ್ಲಿ ಗೋಣಿತಟ್ಟಿನ ರಾಶಿ ಸಾಗರ್ ಮಡಿಸಿಟ್ಟ ಹಾಗೇ ಇತ್ತು. ಸೊಪ್ಪಿನ ಬೇಲಿಗೆ ಸುತ್ತುವ ದಪ್ಪ ತಟ್ಟು, ಹುಣಸೂರಿನ ಅಂಗಡಿಯಲ್ಲಿ ಈಗ ಸಿಗುವ ಹೊಸದಕ್ಕಿಂತ ಗಟ್ಟಿ. ಎರಡು ಸಲ ಒದರಿ, ಒಂದು ದಿನ ಬಿಸಿಲಿಗೆ ಹಾಕಿ, ತಂದು ಬಿಗಿಯಾಗಿ ಎಳೆದು ಮೊಳೆ ಹೊಡೆದ.

ಎಂಥಾ ಮಬ್ಬು ನೋಡಿ! ಕೆಲಸಕ್ಕೆ ಬಂದ ಆಳುಗಳಿಗೆ ‘ಬೀಡಿ ಸೇದಿ ಒಳಕ್ಕೆ ಬರ್ಬೇಡ್ರಲಾ’ ಅಂತ ಬೈದವನು ಇವನೇ. ಆದರೆ ಹೊಗೆಸೊಪ್ಪಿನ ಊರಲ್ಲಿ ಹುಟ್ಟಿದವರಿಗೆ ಹೊಗೆಸೊಪ್ಪಿನ ವಾಸನೆ ಅಂತ ಬೇರೆ ಒಂದು ಇರುವುದಿಲ್ಲ. ಅದು ಗಾಳಿಯ ವಾಸನೆ, ಅನ್ನದ ವಾಸನೆ, ಸ್ವಂತ ಮೈಯ ವಾಸನೆ. ಅವನ ಮೂಗಿಗೆ ಆ ತಟ್ಟಿನಲ್ಲಿ ಏನೂ ಇರಲಿಲ್ಲ. ಗೋಣಿ ಅಂದರೆ ಗೋಣಿ, ಅಷ್ಟೇ.

ಮೇಲಿನಿಂದ ಹೊಟ್ಟು ಸುರಿದು, ಕೋಲಿನಲ್ಲಿ ಕುಟ್ಟಿ ಕುಟ್ಟಿ ತುಂಬಿದ. ತಟ್ಟಿಗೆ ಎರಡು ಕೈ ಸುಣ್ಣ ಬಳಿದ. ರೂಮು ತೇವವಾಗಿರಬೇಕು ಅಂತ ರಮ್ಯ ಹೇಳಿದ್ದಳು, ಪಂಪಿನಲ್ಲಿ ಗೋಡೆಗೆ ನೀರು ಹೊಡೆದ. ಮಧ್ಯಾಹ್ನ ಎರಡಕ್ಕೆ ಹೊರಗೆ ಬೆಂಕಿ ಕಾರುತ್ತಿತ್ತು. ಒಳಗೆ ಥರ್ಮಾಮೀಟರು ಇಪ್ಪತ್ತೆಂಟರ ಮೇಲೆ ಒಂದು ಕೂದಲೆಳೆಯೂ ಏರಲಿಲ್ಲ.

‘ರಮ್ಯ, ಬಂದು ನೋಡವ್ವ’ ಅಂತ ಕರೆದ.

ಅವಳು ಕೈಕಾಲು ತೊಳೆದುಕೊಂಡು ಬಂದಳು. ಎರಡು ಹೆಜ್ಜೆ ಒಳಗಿಟ್ಟು ನಿಂತುಬಿಟ್ಟಳು. ಥರ್ಮಾಮೀಟರಿನ ಕಡೆ ನೋಡಲೇ ಇಲ್ಲ. ಗೋಡೆಯ ಹತ್ತಿರ ಹೋಗಿ ಹಸಿ ಸುಣ್ಣಕ್ಕೆ ಅಂಗೈ ಒತ್ತಿದಳು, ಆಮೇಲೆ ಹಣೆ ಒತ್ತಿದಳು. ಬಹಳ ಹೊತ್ತು ಹಾಗೇ ಇದ್ದಳು.

‘ತಣ್ಣಗದೆ ಅಲ್ವ?’ ಅಂದ ಬಸವರಾಜು.

‘ಹೂಂ ಮಾವ’ ಅಂದಳು. ಹಣೆಗೆ ಸುಣ್ಣ ಮೆತ್ತಿತ್ತು. ಸೊಸೆಗೆ ಕೆಲಸ ಅಷ್ಟು ಹಿಡಿಸಿತು ಅಂದುಕೊಂಡ ಬಸವರಾಜು. ಪಾಪ, ಅವನಿಗೆ ಒಂಚೂರು ಹೆಮ್ಮೆಯೂ ಆಯಿತು. ಆಮೇಲೆ ಎರಡು ದಿನ, ಹುಳ ಇನ್ನೂ ಬಂದೇ ಇಲ್ಲದಿದ್ದರೂ, ರಮ್ಯ ಬಿಡುವಾದಾಗಲೆಲ್ಲ ಆ ಖಾಲಿ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಸೌಂದರ್ಯಳನ್ನೂ ಒಮ್ಮೆ ಕರೆದುಕೊಂಡು ಹೋಗಿ ಮಡಿಲಲ್ಲಿ ಕೂರಿಸಿಕೊಂಡಿದ್ದಳು.

ಮೊಟ್ಟೆ ಬಂತು, ಒಡೆಯಿತು. ಟ್ರೇ ತುಂಬ ಕರಿ ಎಳ್ಳು ಚೆಲ್ಲಿದ ಹಾಗೆ ಮರಿಗಳು. ರಮ್ಯ ಚಿಗುರೆಲೆಯನ್ನು ಸಣ್ಣಗೆ ಹೆಚ್ಚಿ ಹಾಕಿದಳು. ಮೊದಲ ದಿನ ತಿಂದವು. ಎಂಟನೇ ದಿನಕ್ಕೆ ಬಂದು ಹುಳ ಒಯ್ತೀನಿ ಅಂತ ಹ್ಯಾಂಡ್‌ಪೋಸ್ಟ್ ಕಡೆಯ ರೇಷ್ಮೆ ರೈತ ನಿಂಗಯ್ಯ ಫೋನಿನಲ್ಲಿ ಹೇಳಿದ. ಬಸವರಾಜು ಹೊತ್ತುಹೊತ್ತಿಗೂ ಗೋಡೆಗೆ ನೀರು ಹೊಡೆದ.

ಎರಡನೇ ದಿನ ಎಲೆ ಅರ್ಧ ಉಳಿಯಿತು. ಮೂರನೇ ದಿನ ಬೆಳಿಗ್ಗೆ ರಮ್ಯ ಬಾಗಿಲಲ್ಲಿ ಬಂದು ನಿಂತಳು. ಬಸವರಾಜು ಒಳಗೆ ಹೋಗಿ ಬಗ್ಗಿ ನೋಡಿದ. ಹುಳಗಳು ತಲೆ ಮೇಲೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಬಾಯಲ್ಲಿ ಹಸಿರು ರಸ. ಮೈ ಕುಗ್ಗಿ ಗಿಡ್ಡವಾಗಿದ್ದವು. ಎಷ್ಟೋ ಆಗಲೇ ಅಲ್ಲಾಡುತ್ತಿರಲಿಲ್ಲ. ಒಂದು ಟ್ರೇ ಅಲ್ಲ, ಎಲ್ಲ ಟ್ರೇಯೂ ಹಾಗೇ.

ಅವನು ಅಂಗಳಕ್ಕೆ ಬಂದು ಕಲ್ಲಿನ ಮೇಲೆ ಕೂತ. ತೋಟದ ಸೊಪ್ಪಿಗೆ ಯಾರಾದರೂ ಔಷಧಿ ಹೊಡೆದರೇ? ಇಲ್ಲ. ಆಳುಗಳು? ಅವರು ಬಂದು ವಾರವಾಯಿತು. ಎದುರಿಗೆ ರುಕ್ಮಿಣಮ್ಮ ಕೂತಿದ್ದಳು. ಪಾಪ, ಅವಳಿಗೂ ಗಾಬರಿ. ಗಾಬರಿಯಾದಾಗ ಅವಳಿಗೆ ಎಲೆ ಅಡಿಕೆ ಬೇಕು. ಅಂಗೈಯಲ್ಲಿ ಕಡ್ಡಿಪುಡಿ ಹಾಕಿಕೊಂಡು, ಡಬ್ಬಿಯಿಂದ ಸುಣ್ಣ ತೆಗೆದು, ಹೆಬ್ಬೆರಳಲ್ಲಿ ತಿಕ್ಕತೊಡಗಿದಳು. ಬಸವರಾಜು ಆ ಅಂಗೈಯನ್ನೇ ನೋಡಿದ.

‘ಅದಕ್ಕೆ ಸುಣ್ಣ ಯಾಕೆ ತಿಕ್ತೀಯೆ?’

‘ಸುಣ್ಣ ಬೀಳ್ದೆ ಇದ್ರೆ ಹೊಗೆಸೊಪ್ಪು ಎಲ್ಲಿ ಏರ್ತದೆ? ಅದೂ ಒಸಿ ನೀರು ಸೋಕಿದ್ರೇನೇ’ ಅಂದಳು ರುಕ್ಮಿಣಮ್ಮ. ‘ನಲವತ್ತು ವರ್ಷ ಸಂಸಾರ ಮಾಡಿ ಈಗ ಕೇಳ್ತೀರಲ್ಲ, ಬುದ್ಧಿಗಿದ್ಧಿ ನೆಟ್ಟಗದಾ?’

ಬಸವರಾಜು ಎದ್ದ. ರೂಮಿಗೆ ಹೋಗಿ ಗೋಡೆಯ ಮೂಲೆಯಿಂದ ಗೋಣಿಯ ಒಂದು ಎಳೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದ. ಮೂಗು ಕೈಕೊಟ್ಟಿತ್ತು, ನಾಲಿಗೆ ಕೊಡಲಿಲ್ಲ. ಕಹಿ, ಅದರ ಹಿಂದೆಯೇ ಗಂಟಲು ಸುಡುವ ಖಾರ, ಬಾಯಿ ತುಂಬ ಎಂಜಲು. ಹೊಗೆಸೊಪ್ಪು! ನಾಲ್ಕೂ ಗೋಡೆಗೆ ಹೊಗೆಸೊಪ್ಪು ಹೊಡೆದು, ಸುಣ್ಣ ಬಳಿದು, ಹೊತ್ತುಹೊತ್ತಿಗೆ ನೀರು ಕುಡಿಸಿದ್ದ ಅವನು. ರುಕ್ಮಿಣಮ್ಮ ಅಂಗೈಯಲ್ಲಿ ಮಾಡುವುದನ್ನೇ ಅವನು ಇಡೀ ರೂಮಿಗೆ ಮಾಡಿದ್ದ.

‘ನಾನೇ ಕಣವ್ವ’ ಅಂದ ರಮ್ಯಳಿಗೆ. ‘ನಿನ್ನ ಹುಳಾನ ನಾನೇ ಕೊಂದೆ. ಗೋಣಿ ಹೊಗೆಸೊಪ್ಪಿನ ಬೇಲಿಂದು.’

ರಮ್ಯ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ‘ಬುಡಿ ಮಾವ’ ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಅವಳೇ ಅಣ್ಣನಿಗೆ ಫೋನು ಮಾಡಿದಳು. ಸಂಜೆ ಸೌಂದರ್ಯಳ ಬಟ್ಟೆ ಮಡಿಸಿ ಮಂಚದ ಮೇಲೆ ಇಟ್ಟದ್ದನ್ನು ಬಸವರಾಜು ಕಂಡ. ಎದೆಯಲ್ಲಿ ಏನಾದರೂ ಆದೀತು ಅಂತ ಒಂದು ಗಳಿಗೆ ನಿಂತು ಕಾದ. ಏನೂ ಆಗಲಿಲ್ಲ. ಹೋಗಿ ಎಮ್ಮೆಗೆ ನೀರು ಕುಡಿಸಿದ.

ಮರುದಿನ ಹತ್ತು ಗಂಟೆಗೆಲ್ಲ ರಘು ಬಂದ. ರೂಮಿಗೆ ಇಳಿದು, ಸತ್ತ ಹುಳ ನೋಡಿ, ಮೂಗಿಗೆ ಟವೆಲ್ಲು ಹಿಡಿದುಕೊಂಡು ಹೊರಗೆ ಬಂದ.

‘ಏನ್ ಮಾವ ಇದು! ಬಾಗ್ಲಲ್ಲೇ ಗಮ್ ಅಂತ ಮೂಗಿಗೆ ಹೊಡೀತದೆ. ಹೊಗೆಸೊಪ್ಪಿನ ಗೋಣಿ ಹೊಡ್ದಿದ್ದೀರಲ್ಲ, ಒಂಚೂರು ಯೋಚ್ನೆ ಮಾಡ್ಬಾರ್ದಾ?’

‘ಯೋಚ್ನೆ ಮಾಡ್ನಿಲ್ಲ ಕಣಪ್ಪ’ ಅಂದ ಬಸವರಾಜು. ‘ನನ್ನ ಮೂಗಿಗೆ ಬರ್ನಿಲ್ಲ. ತಪ್ಪು ನಂದೇ. ಕರ್ಕಂಡೋಗು. ಮಾತು ಮಾತೇ.’ ಹೇಳುವಾಗ ಅವನ ದನಿ ನಡುಗಲೂ ಇಲ್ಲ. ಒಳಗೆ ರುಕ್ಮಿಣಮ್ಮ ಬಾಯಿಗೆ ಸೆರಗು ತುರುಕಿಕೊಂಡಳು.

‘ಅಣ್ಣ, ಮಾವನ್ನ ಏನೂ ಅನ್ಬೇಡ’ ಅಂದಳು ರಮ್ಯ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ‘ನಿಂಗೆ ಬಾಗ್ಲಲ್ಲೇ ಬಂತಲ್ಲ? ನಂಗೂ ಬಂತು. ಸುಣ್ಣ ಬಳಿದ ದಿನಾನೇ ಬಂತು.’

ರಘುವಿಗೆ ಅರ್ಥವಾಗಲಿಲ್ಲ. ‘ಬಂತು ಅಂದ್ರೆ? ಗೊತ್ತಿತ್ತಾ ನಿಂಗೆ?’

‘ಗೊತ್ತಿತ್ತು.’

‘ಗೊತ್ತಿದ್ದೂ ಹುಳ ಬುಟ್ಯಾ? ತಲೆ ಕೆಟ್ಟಿದ್ದಾ?’

‘ಅದು ಅವ್ರ ವಾಸ್ನೆ ಕಣಣ್ಣ’ ಅಂದಳು ರಮ್ಯ. ಅಲ್ಲಿಗೆ ಅವಳ ಕಟ್ಟೆ ಒಡೆಯಿತು. ‘ಅವ್ರು ಹೋದ ಮೇಲೆ ಈ ಮನೇಲಿ ಎಲ್ಲೂ ಬರ್ನಿಲ್ಲ. ದಿಂಬು ನೋಡ್ದೆ, ಬೀರು ನೋಡ್ದೆ. ಒಂದು ಅಂಗೀನಾದ್ರೂ ಇಟ್ಕಬೇಕಿತ್ತು, ಎಲ್ಲಾನೂ ಹೊಳೇಗೆ ಬುಟ್ಬುಟ್ರು. ಆವತ್ತು ಆ ರೂಮೊಳಕ್ಕೆ ಕಾಲಿಟ್ಟೆ, ಅವ್ರೇ ಹಿಂದೆ ಬಂದು ನಿಂತಂಗಾಯ್ತು. ಕೀಳಿ ಅನ್ನಕ್ಕೆ ಬಾಯೇ ಬರ್ನಿಲ್ಲ. ಇವತ್ತು ಹೇಳಾನ, ನಾಳೆ ಹೇಳಾನ ಅಂದ್ಕಂಡು ಕೂತೆ. ಆಮೇಲೆ ಮೊಟ್ಟೆ ಬಂದ್ಬುಡ್ತು. ಸುಣ್ಣ ಬಳ್ದದೆ, ಏನೂ ಆಗಲ್ಲ ಅಂತ ನನ್ಗೆ ನಾನೇ ಸುಳ್ಳು ಹೇಳ್ಕಂಡೆ.’

ರಮ್ಯ ಕಣ್ಣು ಒರೆಸಿಕೊಂಡಳು.

‘ಹುಳ ಸತ್ರೆ ಬತ್ತೀನಿ ಅಂದಿದ್ದೆ. ನಿನ್ನೆ ಮಗೀನ ಬಟ್ಟೇನೂ ಮಡಿಸಿಟ್ಟೆ. ಆದ್ರೆ ಅವು ತಾವಾಗಿ ಸಾಯ್ಲಿಲ್ಲ ಅಣ್ಣ, ನಾನು ಸಾಯಿಸ್ದೆ. ಅಂಗೆ ಮಾಡಿ ಮಾವನ ತಲೆ ಮೇಲೆ ತಪ್ಪು ಹೊರಿಸಿ ಕಾರು ಹತ್ತಕ್ಕೆ ನನ್ ಕೈಲಾಗಲ್ಲ. ಇನ್ನೊಂದು ಬ್ಯಾಚು ಸರಿಯಾಗಿ ಮಾಡ್ತೀನಿ. ಆಗ್ಲೂ ಸೋತ್ರೆ ನೀನು ಕರೀದೆ ಇದ್ರೂ ಬತ್ತೀನಿ.’

ರಘು ಜಗಲಿಯ ಮೇಲೆ ಕೂತ. ತಂಗಿಯ ಮುಖ ನೋಡಿದ, ನೆಲ ನೋಡಿದ. ರುಕ್ಮಿಣಮ್ಮ ಕೊಟ್ಟ ಕಾಫಿ ಕುಡಿದ. ಎದ್ದು ಹೊರಡುವಾಗ, ‘ಹೊಟ್ಟು ಎಲ್ಲಾ ಬದಲಾಯಿಸ್ಬೇಕು, ಹಳೇದು ಇಟ್ಕಬೇಡಿ. ಹೊಸಾದು ಕಳಿಸ್ತೀನಿ’ ಅಂದ. ಅಷ್ಟೇ ಅಂದ.

ಅವನ ಕಾರು ತಿರುವು ದಾಟಿದ ಮೇಲೆ ಬಸವರಾಜು ಸುತ್ತಿಗೆ ತಗೊಂಡು ರೂಮಿಗೆ ಇಳಿದ. ರಮ್ಯಳೂ ಇಳಿದಳು. ಇಬ್ಬರೂ ಮೊಳೆ ಕಿತ್ತರು. ಹೊಟ್ಟು ಸುರಿದು ಮೊಣಕಾಲ ತನಕ ಬಂತು. ಗೋಣಿಗಳನ್ನು ಹೊತ್ತು, ಹಿಪ್ಪುನೇರಳೆ ತೋಟ ದಾಟಿ, ಗಾಳಿ ಆ ಕಡೆಗೆ ಬೀಸುವ ದೂರದ ಬದುವಿಗೆ ಹಾಕಿದರು. ಸುಡಬೇಕು, ಬೇರೆ ದಾರಿಯಿಲ್ಲ. ಬೆಂಕಿಪೊಟ್ಟಣ ರಮ್ಯಳ ಕೈಯಲ್ಲಿತ್ತು. ಅವಳು ಹಚ್ಚಲಿಲ್ಲ. ರಾಶಿಯಿಂದ ಒಂದು ತಟ್ಟು ಎಳೆದು, ಸುಣ್ಣ ಇಲ್ಲದ ಹಿಂದಿನ ಮಗ್ಗುಲು ತಿರುಗಿಸಿ, ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಅದನ್ನು ಮಾವನ ಕಡೆ ಚಾಚಿದಳು.

‘ಒಂದ್ಸಲ ನೋಡಿ ಮಾವ.’

ಬಸವರಾಜು ಗೋಣಿ ಇಸಕೊಂಡ. ಮೂಗಿಗೆ ಹಿಡಿದು ಉಸಿರೆಳೆದ. ಇನ್ನೊಂದು ಸಲ ಎಳೆದ, ಎದೆ ಬಿರಿಯುವ ಹಾಗೆ. ಗೋಣಿಯ ನಾರು ಮೂಗಿಗೆ ಚುಚ್ಚಿತು. ಬೇರೇನೂ ಬರಲಿಲ್ಲ. ಸೊಸೆಗೆ ಬರುತ್ತದೆ, ಸಾಲಿಗ್ರಾಮದಿಂದ ಬಂದ ರಘುವಿಗೂ ಬರುತ್ತದೆ. ಹೆತ್ತ ಅಪ್ಪನಿಗೆ ಬರುವುದಿಲ್ಲ.

‘ನಂಗೆ ಬತ್ತಿಲ್ಲ ಕಣವ್ವ’ ಅಂದ. ‘ಹೆಂಗದೆ ಹೇಳು.’

ರಮ್ಯ ಅವನ ಪಕ್ಕದಲ್ಲಿ ಬದುವಿನ ಮೇಲೆ ಕೂತಳು. ಗೋಣಿಯ ಇನ್ನೊಂದು ತುದಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿಕೊಂಡು ಹೇಳತೊಡಗಿದಳು. ‘ಬ್ಯಾರನ್ ಬಾಗ್ಲು ತೆಗ್ದಾಗ ಬಿಸಿ ನುಗ್ತದಲ್ಲ, ಅದು ಮೊದ್ಲು. ಒಸಿ ಬೆಲ್ಲದ ಪಾಕ ಸೀದಂಗೆ. ಅದ್ರ ಹಿಂದೆ ಸೌದೆ ಹೊಗೆ. ಕೊಬ್ರಿ ಎಣ್ಣೆ ಅದೆ, ತಲೆ ಇಟ್ಟು ಮಲಗ್ತಿದ್ರಲ್ಲ, ಅಲ್ಲಿ. ಆಮೇಲೆ ಬೆವ್ರು.’ ಅವಳು ಗೋಣಿಯನ್ನು ಇನ್ನೊಮ್ಮೆ ಮೂಗಿಗೆ ಒತ್ತಿಕೊಂಡಳು. ‘ದೊಡ್ಡೋರ ಬೆವ್ರಲ್ಲ ಮಾವ. ನಿದ್ದೆ ಮಾಡೋ ಮಕ್ಳ ಕತ್ತಲ್ಲಿ ಬತ್ತದಲ್ಲ, ಅಂಥದ್ದು. ನಮ್ಮ ಸೌಂದರ್ಯಂದೂ ಇದೇನೇ. ಅವ್ರು ಕೂಸಾಗಿದ್ದಾಗ ನೀವು ಎತ್ಕಂಡು ತಿರುಗ್ತಿದ್ರಂತಲ್ಲ, ನಿಮ್ಗೆ ಗೊತ್ತಿರ್ತದೆ.’

ಗೊತ್ತಿತ್ತು. ಒಂದು ವರ್ಷದ ಸಾಗರ್, ಜ್ವರ ಬಂದು ನಿದ್ದೆ ಹೋದವನು, ಹೆಗಲ ಮೇಲೆ ಕತ್ತು ಚೆಲ್ಲಿ ಮಲಗಿದ್ದ. ಹುಣಸೂರಿನ ಡಾಕ್ಟರ ಹತ್ತಿರ ಹೋಗಲು ಬಸ್ಸಿಗೆ ಕಾಯುತ್ತ ನಿಂತ ಬಸವರಾಜು ಆ ಕತ್ತಿಗೆ ಮೂಗು ಒತ್ತಿಕೊಂಡೇ ಇದ್ದ. ಆಗ ಅವನಿಗೆ ವಾಸನೆ ಬರುತ್ತಿತ್ತು.

ಅವನು ಗೋಣಿಯಲ್ಲಿ ಮುಖ ಹುದುಗಿಸಿದ. ಮೊದಲು ಭುಜ ಅಲ್ಲಾಡಿತು, ಆಮೇಲೆ ದನಿ ಬಂತು. ಅವನಿಗೇ ಗುರುತು ಸಿಗದ ದನಿ. ಅಯ್ಯೋ ನನ್ ಮಗನೇ, ಅಂದ. ಅಯ್ಯೋ ಕಂದ, ಅಂದ. ಮನೆಯ ಅಂಗಳದಲ್ಲಿದ್ದ ರುಕ್ಮಿಣಮ್ಮ ಆ ದನಿ ಕೇಳಿ, ಕೈಯಲ್ಲಿದ್ದ ಮೊರ ಅಲ್ಲೇ ಹಾಕಿ, ತೋಟದ ಬದುವಿನ ಮೇಲೆ ಓಡಿ ಬಂದಳು.

ರಮ್ಯ ಬೆಂಕಿಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅವನು ಅತ್ತು ಮುಗಿಸುವವರೆಗೂ ಕಾದು ಕೂತಿದ್ದಳು.